ತೊರಪಳ್ಳಿಯ ರಾಜಾಜಿ ಮತ್ತು ಊರಾಸ್ಪತ್ರೆಯ ಪಾಲು

ಪಾಲಮಲೆ ಸಿದ್ದೇಶ್ವರನ ಬೆಟ್ಟ ನಮ್ಮ ಗಡಿ ಸೀಮೆಯವರಿಗೆ ಹೊಸದಲ್ಲ. ಮೇಟೂರು ಅಣೆಕಟ್ಟೆಯ ಹಿನ್ನೀರಿನ ಪಡುವಣ ದಿಕ್ಕಿಗೆ, ಕೊಳತ್ತೂರಿನಲ್ಲಿ ನಿಂತು ತಲೆ ಎತ್ತಿದರೆ ಕಾಣುವ ಬೆಟ್ಟ ಅದು. ಮೇಲೆ ಮಲೈಯಾಳಿ ಬುಡಕಟ್ಟಿನವರ ಹಳ್ಳಿಗಳು. ಕೆಳಗೆ ನಾವು. ಮನೆಯಲ್ಲಿ ತೆಲುಗು, ಹೊಲದಲ್ಲಿ ಕನ್ನಡ, ಸಂತೆಯಲ್ಲಿ ತಮಿಳು ಅಂತ ಮೂರು ಮಾತು ಆಡಿಕೊಂಡು ಕಡಲೆಕಾಯಿ, ಹತ್ತಿ, ರಾಗಿ, ಮರಗೆಣಸು ಬೆಳೆದು ಬದುಕುವವರು. ಮಾದಪ್ಪನ ಬೆಟ್ಟಕ್ಕೆ ಹೋಗುವ ರಸ್ತೆ ನಮ್ಮ ಕಡೆಯಿಂದಲೇ ಹಾದು ಪಾಲಾರ್ ದಾಟಿ ಕರ್ನಾಟಕ ಸೇರುತ್ತದೆ. ನಾನು ಎಸ್ಸೆಸ್ಸೆಲ್ಸಿ ಓದಿದ್ದೂ ಆ ಕಡೆಯೇ, ಕೊಳ್ಳೇಗಾಲದ ನೆಂಟರ ಮನೆಯಲ್ಲಿದ್ದುಕೊಂಡು. ಆಮೇಲೆ ನೇಗಿಲು ಹಿಡಿದೆ. ಬಿಡುವಾದಾಗ ಕನ್ನಡದಲ್ಲೂ ತೆಲುಗಿನಲ್ಲೂ ನಾಲ್ಕು ಪದ್ಯ ಬರೆಯುವುದು ನನ್ನ ಚಟ. ಇವತ್ತು ಪದ್ಯ ಬಿಟ್ಟು ಒಬ್ಬ ದೊಡ್ಡ ಮನುಷ್ಯನ ಕಥೆ ಹೇಳಬೇಕು ಅನ್ನಿಸಿದೆ. ಯಾಕೆ ಅಂತ ಮೊದಲು ಹೇಳಿಬಿಡ್ತೇನೆ.

ಇಪ್ಪತ್ತೈದು ವರ್ಷಕ್ಕೂ ಹಿಂದಿನ ಮಾತು. ಮಾರ್ಚ್ ತಿಂಗಳು. ನನ್ನ ಚಿಕ್ಕಪ್ಪನ ಮಗನಿಗೆ ಸಂಜೆ ಹೊತ್ತಲ್ಲಿ ಸೌದೆ ಎತ್ತುವಾಗ ಹಾವು ಕಚ್ಚಿತು. ನಾವು ನಾಲ್ಕು ಜನ ದುಪ್ಪಟಿಯನ್ನು ಬಿದಿರು ಗಳಕ್ಕೆ ಕಟ್ಟಿ, ಅದರಲ್ಲಿ ಅವನನ್ನು ಮಲಗಿಸಿಕೊಂಡು ರಸ್ತೆಗೆ ತಂದೆವು. ಬೆಟ್ಟದ ಜನ ತಲೆತಲಾಂತರದಿಂದ ರೋಗಿಗಳನ್ನೂ ಬಸುರಿಯರನ್ನೂ ಇಳಿಸಿಕೊಂಡು ಬಂದದ್ದು ಹೀಗೆಯೇ. ಸಿಕ್ಕಿದ ವ್ಯಾನು ಹತ್ತಿಸಿ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋದೆವು. ಯಾವುದು ಅಂತ ಹೆಸರು ಬೇಡ. ನರ್ಸಮ್ಮ ಒಳ್ಳೆಯವರು, ಓಡಿ ಬಂದರು. ಆದರೆ ವಿಷದ ಇಂಜೆಕ್ಷನ್ ಇರಲಿಲ್ಲ. ಆ ವರ್ಷದ ಲೆಕ್ಕದಲ್ಲಿ ಬಂದದ್ದು ಮುಗಿದಿತ್ತು, ಹೊಸ ಲೆಕ್ಕ ಏಪ್ರಿಲ್ ಆದ ಮೇಲೆ. ಹಾವು ಕಚ್ಚಿದ ಒಬ್ಬನಿಗೆ ಶುರುವಿಗೇ ಎಂಟು ಹತ್ತು ವಯಲ್ ಔಷಧಿ ಬೇಕಾಗುತ್ತದೆ. ಅಲ್ಲಿ ಒಂದೂ ಇಲ್ಲ. ಅಲ್ಲಿಂದ ದೊಡ್ಡ ಊರಿಗೆ ಓಡಿದೆವು. ಹುಡುಗ ಉಳಿದ. ಆದರೆ ಕಾಲಿನ ಎರಡು ಬೆರಳು ಕೊಳೆತು ತೆಗೆಸಬೇಕಾಯಿತು. ಇವತ್ತಿಗೂ ಉಳುವಾಗ ಕಾಲು ಎಳೆದುಕೊಂಡೇ ನಡೀತಾನೆ.

ಹಾವಿಗೆ ಮಾರ್ಚ್ ತಿಂಗಳು ಗೊತ್ತಿಲ್ಲ, ಬಜೆಟ್ಟೂ ಗೊತ್ತಿಲ್ಲ. ಆವತ್ತು ರಾತ್ರಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನಮ್ಮ ತಾತ ಒಂದು ಮಾತು ತೆಗೆದರು. ಒಂದು ಕಾಲದಲ್ಲಿ ನಮ್ಮ ಜಿಲ್ಲೆಯವನೇ ಒಬ್ಬ ಈ ರಾಜ್ಯ ಆಳುವಾಗ, ಊರಿನ ಆರೋಗ್ಯಕ್ಕೆ ಇಷ್ಟು ಪಾಲು ಎತ್ತಿಡಲೇಬೇಕು ಅಂತ ಕಾನೂನು ಬರೆಸಿದ್ದ ಅಂದರು. ನಾನು ಆಗ ನಂಬಲಿಲ್ಲ. ಆಮೇಲೆ ಹುಡುಕಿ ಓದಿದೆ. ತಾತ ಹೇಳಿದ್ದು ನಿಜ. ಆ ಮನುಷ್ಯ ಚಕ್ರವರ್ತಿ ರಾಜಗೋಪಾಲಾಚಾರಿ, ನಾವೆಲ್ಲ ಕರೆಯುವ ರಾಜಾಜಿ.

ಹೊಸೂರಿನ ಹುಡುಗ

ರಾಜಾಜಿ ಹುಟ್ಟಿದ್ದು 1878ರ ಡಿಸೆಂಬರ್ 10ರಂದು, ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲಿ. ಆಗ ಹೊಸೂರು ಸೇಲಂ ಜಿಲ್ಲೆಗೆ ಸೇರಿತ್ತು. 1965ರಲ್ಲಿ ಧರ್ಮಪುರಿ ಜಿಲ್ಲೆ ಬೇರೆಯಾದಾಗ ಅತ್ತ ಹೋಯಿತು, 2004ರಿಂದ ಕೃಷ್ಣಗಿರಿ ಜಿಲ್ಲೆ. ಹೆಸರು ಬದಲಾದರೂ ಜನ ಬದಲಾಗಲಿಲ್ಲ. ತೆಲುಗು, ಕನ್ನಡ, ತಮಿಳು ಮೂರೂ ಒಂದೇ ಜಗಲಿಯಲ್ಲಿ ಕೇಳುವ ಸೀಮೆ ಅದು. ತಂದೆ ವೆಂಕಟಾರ್ಯ ಅಯ್ಯಂಗಾರ್ ಊರಿನ ಮುನಸೀಫರು, ತಾಯಿ ಸಿಂಗಾರಮ್ಮ. ಹುಡುಗ ಸಣಕಲು, ಕಣ್ಣು ಮಂದ. ಇವನು ಬಾಳಿ ಬದುಕುತ್ತಾನಾ ಅನ್ನುವ ಚಿಂತೆ ಮನೆಯವರಿಗಿತ್ತು. ಅಂಥ ಹುಡುಗ 94 ವರ್ಷ ಬದುಕಿದ ಅನ್ನುವುದು ಬೇರೆ ಮಾತು.

ಹೊಸೂರಿನ ಸ್ಕೂಲು ಮುಗಿಸಿ ಬೆಂಗಳೂರಿಗೆ ಬಂದು ಸೆಂಟ್ರಲ್ ಕಾಲೇಜಿನಲ್ಲಿ ಓದಿದರು. ನಮ್ಮ ಗಡಿಯ ಹುಡುಗರು ಇವತ್ತು ಬಸ್ಸು ಹತ್ತಿ ಬೆಂಗಳೂರಿಗೆ ಓದಲು ಹೋಗುವುದನ್ನು ನೋಡಿದರೆ ನನಗೆ ಅದೇ ನೆನಪು. ಆಮೇಲೆ ಮದ್ರಾಸಿನಲ್ಲಿ ಕಾನೂನು ಓದಿ, 1900ರಲ್ಲಿ ಸೇಲಂನಲ್ಲಿ ವಕೀಲಿಕೆ ಹಿಡಿದರು. ಕೈತುಂಬ ಸಂಪಾದನೆ, ಊರಿಗೆಲ್ಲ ಗೊತ್ತಿರುವ ಹೆಸರು. ಐದು ಮಕ್ಕಳಾದ ಮೇಲೆ ಹೆಂಡತಿ ಮಂಗಮ್ಮ ಚಿಕ್ಕ ವಯಸ್ಸಿಗೇ ತೀರಿಕೊಂಡರು. ಅವರು ಮತ್ತೆ ಮದುವೆಯಾಗಲಿಲ್ಲ.

ಸೇಲಂ ಪುರಸಭೆಯ ಕುರ್ಚಿ

ನಮ್ಮ ವಿಷಯಕ್ಕೆ ಬೇಕಾದ ರಾಜಾಜಿ ಇಲ್ಲಿಂದ ಶುರುವಾಗ್ತಾರೆ. 1911ರಲ್ಲಿ ಅವರು ಸೇಲಂ ಪುರಸಭೆಯ ಸದಸ್ಯರಾದರು. 1917ರಲ್ಲಿ ಅಧ್ಯಕ್ಷರಾದರು, 1919ರವರೆಗೆ ಆ ಕುರ್ಚಿಯಲ್ಲಿದ್ದರು. ದೇಶ ಕಾಯುವ, ರಾಜ್ಯ ಆಳುವ ದೊಡ್ಡ ಕೆಲಸಗಳೆಲ್ಲ ಆಮೇಲೆ ಬಂದವು. ಮೊದಲು ಬಂದದ್ದು ಚರಂಡಿ, ನಲ್ಲಿ, ಕಸ, ದೀಪದ ಎಣ್ಣೆ. ಪುರಸಭೆಯ ಲೆಕ್ಕಪುಸ್ತಕದಲ್ಲಿ ಮನೆ ಕಂದಾಯ ಎಷ್ಟು ಬಂತು, ತೋಟಿಗಳ ಸಂಬಳಕ್ಕೆ ಎಷ್ಟು ಹೋಯಿತು, ಔಷಧಿಗೆ ಎಷ್ಟು ಉಳಿಯಿತು ಅನ್ನುವುದನ್ನು ಅಧ್ಯಕ್ಷನಾದವನು ನೋಡಲೇಬೇಕು. ಸುಂಕದ ದುಡ್ಡು ಒಂದು ವರ್ಷ ಚೆನ್ನಾಗಿ ಬಂದರೆ ಮರುವರ್ಷ ಬರುವುದಿಲ್ಲ. ಮಳೆ ಹೋದರೆ ವ್ಯಾಪಾರ ಹೋಗುತ್ತದೆ, ವ್ಯಾಪಾರ ಹೋದರೆ ಪುರಸಭೆಯ ಪೆಟ್ಟಿಗೆ ಖಾಲಿ. ಆದರೆ ಕಾಲರಾ ಬರುವುದು ಅದೇ ಬರದ ವರ್ಷ, ನೀರು ತಳ ಕಂಡಾಗ.

ಅವರ ಅಧ್ಯಕ್ಷಗಿರಿಯ ಕಾಲದಲ್ಲೇ, 1918ರಲ್ಲಿ, ದೇಶದ ತುಂಬ ಇನ್‌ಫ್ಲುಯೆಂಜಾ ಬಂದು ಲಕ್ಷ ಲಕ್ಷ ಜನರನ್ನು ಕೊಂದಿತು. ನಮ್ಮ ಹಳಬರು ಅದನ್ನು ಬರೀ ಜ್ವರದ ವರ್ಷ ಅಂತಲೇ ಕರೆಯುತ್ತಿದ್ದರು. ಕೈಯಲ್ಲಿ ಕಾಸಿಲ್ಲದ ಊರಾಡಳಿತಕ್ಕೆ ಅಂಥ ಜ್ವರ ಬಂದರೆ ಏನಾಗುತ್ತದೆ ಅಂತ ಆ ಕಾಲದ ಪುರಸಭೆಗಳೆಲ್ಲ ಕಂಡವು.

ಸೇಲಂನಲ್ಲಿ ನೀರಿನ ಕೆಲಸಕ್ಕೆ ದಲಿತ ನೌಕರನನ್ನು ಹಾಕಿದಾಗ ಅಗ್ರಹಾರದ ಜನ ತಕರಾರು ಎತ್ತಿದರು. ತಮ್ಮ ಬೀದಿಯ ನಲ್ಲಿಯನ್ನು ಅವನು ಮುಟ್ಟಬಾರದು ಅಂತ. ರಾಜಾಜಿ ತಾವೇ ಅಯ್ಯಂಗಾರ್ ಕುಲದವರಾದರೂ ಜಗ್ಗಲಿಲ್ಲ. ಪುರಸಭೆಯ ನೀರು ಬೇಕಾದರೆ ಪುರಸಭೆಯ ನೌಕರನೇ ಬರುತ್ತಾನೆ ಅಂತ ನಿಂತರು. ಊರಿಗೆಲ್ಲ ಒಂದೇ ನೀರು, ಒಂದೇ ಕೆಲಸಗಾರ. ಆರೋಗ್ಯ ಅನ್ನುವುದು ಬೀದಿ ಬೀದಿಗೆ ಹಂಚಿಕೊಳ್ಳುವ ಪದಾರ್ಥ ಅಲ್ಲ, ಇಡೀ ಊರಿನದು ಅಂತ ಅವರಿಗೆ ಗೊತ್ತಾಗಿದ್ದು ಆ ಕುರ್ಚಿಯಲ್ಲೇ ಇರಬೇಕು ಅಂತ ನನ್ನ ಎಣಿಕೆ.

ಜೈಲು, ಆಶ್ರಮ, ಹೆಂಡದಂಗಡಿ

1919ರಲ್ಲಿ ಮದ್ರಾಸಿಗೆ ಹೋದರು. ಗಾಂಧೀಜಿ ಜೊತೆ ಸೇರಿದರು, ವಕೀಲಿಕೆ ಬಿಟ್ಟರು, ವೆಲ್ಲೂರು ಜೈಲು ಕಂಡರು. 1925ರಲ್ಲಿ ಆಗಿನ ಸೇಲಂ ಜಿಲ್ಲೆಯ ತಿರುಚೆಂಗೋಡಿನ ಹತ್ತಿರ ಪುದುಪಾಳ್ಯದಲ್ಲಿ ಗಾಂಧಿ ಆಶ್ರಮ ಕಟ್ಟಿ ಕೂತರು. ಖಾದಿ, ಅಸ್ಪೃಶ್ಯತೆ ನಿವಾರಣೆ, ಹೆಂಡದ ವಿರುದ್ಧ ಪ್ರಚಾರ ಅಲ್ಲಿಯ ಕೆಲಸ. ಹೆಂಡ ಬಿಡಿ ಅಂತ ಹೇಳುವುದಕ್ಕೇ ತಮಿಳಿನಲ್ಲಿ ಒಂದು ಪತ್ರಿಕೆ ನಡೆಸಿದರು. 1930ರಲ್ಲಿ ವೇದಾರಣ್ಯಕ್ಕೆ ಉಪ್ಪಿನ ಯಾತ್ರೆ ಹೋದರು. ಇದೆಲ್ಲ ಶಾಲೆಯ ಪುಸ್ತಕದಲ್ಲಿದೆ, ನಾನು ಹೆಚ್ಚು ಹೇಳಬೇಕಾಗಿಲ್ಲ.

1937ರ ಜುಲೈನಲ್ಲಿ ಮದ್ರಾಸ್ ಪ್ರಾಂತ್ಯಕ್ಕೆ ಅವರು ಪ್ರಧಾನಿಯಾದರು. ಆಗ ಮುಖ್ಯಮಂತ್ರಿಯನ್ನು ಹಾಗೆ ಕರೆಯುತ್ತಿದ್ದರು. ಹಣಕಾಸನ್ನೂ ತಮ್ಮ ಕೈಯಲ್ಲೇ ಇಟ್ಟುಕೊಂಡರು. ಮೂರು ತಿಂಗಳಿಗೇ, 1937ರ ಅಕ್ಟೋಬರ್ 1ರಿಂದ, ತಮ್ಮ ಹುಟ್ಟಿದ ಜಿಲ್ಲೆ ಸೇಲಂನಲ್ಲಿ ಪಾನನಿರೋಧ ತಂದರು. ನಮ್ಮ ತಾತ ಆಗ ಹರೆಯದವರು. ಅವರ ಹುಟ್ಟೂರು 1934ರಲ್ಲಿ ಅಣೆಕಟ್ಟೆ ನೀರಿನೊಳಗೆ ಹೋಗಿ, ಬೆಟ್ಟದ ಬುಡಕ್ಕೆ ಬಂದು ಹೊಸದಾಗಿ ಗುಡಿಸಲು ಹಾಕಿಕೊಂಡಿದ್ದರು. ಹೆಂಡದಂಗಡಿ ಬಾಗಿಲು ಹಾಕಿದ ದಿನ ಊರ ಹೆಂಗಸರು ಗಂಗಮ್ಮನಿಗೆ ಪೊಂಗಲಿಟ್ಟರು ಅಂತ ಹೇಳುತ್ತಿದ್ದರು. ಮರ ಹತ್ತಿ ಹೆಂಡ ಇಳಿಸುತ್ತಿದ್ದವರು ಮಾತ್ರ ಕೈಯಲ್ಲಿ ಮಚ್ಚು ಹಿಡಿದು ಮುಂದೇನು ಅಂತ ನೋಡುತ್ತಾ ನಿಂತಿದ್ದರು ಅಂತಲೂ ಹೇಳುತ್ತಿದ್ದರು. ಎರಡೂ ನಿಜ. ಒಬ್ಬರ ಮನೆಗೆ ಗಂಜಿ ಬಂತು, ಇನ್ನೊಬ್ಬರ ಮನೆಯಿಂದ ಹೋಯಿತು.

ಆದರೆ ಇಲ್ಲಿ ಒಂದು ಲೆಕ್ಕದ ಪ್ರಶ್ನೆ ಎದ್ದಿತು. ಹೆಂಡ ಸಾರಾಯಿಯ ಗುತ್ತಿಗೆಯಿಂದ ಬರುವ ದುಡ್ಡು ಮದ್ರಾಸ್ ಸರ್ಕಾರದ ಆದಾಯದಲ್ಲಿ ದೊಡ್ಡ ಪಾಲು. ಅದು ಹೋದರೆ ಶಾಲೆ, ಆಸ್ಪತ್ರೆ, ರಸ್ತೆ ಯಾವುದರಿಂದ ನಡೆಯಬೇಕು? ಮನುಷ್ಯನ ಆರೋಗ್ಯ ಕೆಡಿಸಿ ಬಂದ ದುಡ್ಡಿನಲ್ಲಿ ಆಸ್ಪತ್ರೆ ನಡೆಸುವುದು ರಾಜಾಜಿಗೆ ಒಪ್ಪಿಗೆಯಾಗಲಿಲ್ಲ. ಹಾಗಂತ ಆಸ್ಪತ್ರೆ ಮುಚ್ಚುವ ಹಾಗೂ ಇಲ್ಲ. ಅದಕ್ಕೆ ಅವರು ಕಂಡುಕೊಂಡದ್ದು ಮಾರಾಟ ತೆರಿಗೆ. 1939ರ ಒಂಬತ್ತನೇ ಆಕ್ಟು. ಎಲ್ಲ ಸರಕಿನ ವಹಿವಾಟಿನ ಮೇಲೂ ಇಂಥ ತೆರಿಗೆ ದೇಶದಲ್ಲಿ ಮೊದಲು ಬಂದದ್ದು ಮದ್ರಾಸಿನಲ್ಲಿ. ದೊಡ್ಡ ವ್ಯಾಪಾರಕ್ಕೆ ನೂರು ರೂಪಾಯಿಗೆ ಎಂಟಾಣೆ, ತೀರಾ ಸಣ್ಣ ಅಂಗಡಿಗೆ ಇಲ್ಲ.

ವ್ಯಾಪಾರಸ್ಥರು ಸುಮ್ಮನೆ ಇರಲಿಲ್ಲ. ಇದನ್ನು ಓದುತ್ತಿರುವ ಮಂಡಿ ಯಜಮಾನರಿಗೆ ಅದು ಗೊತ್ತಾಗುತ್ತದೆ. ತೆರಿಗೆ ನಾವು ಕಟ್ಟಬೇಕು, ಹೆಸರು ಸರ್ಕಾರಕ್ಕೆ ಅಂತ ಕೂಗಾಡಿದರು. ಅವರ ಕೂಗಿನಲ್ಲೂ ನ್ಯಾಯ ಇತ್ತು. ಕಟ್ಟಿದ ದುಡ್ಡು ಎಲ್ಲಿಗೆ ಹೋಯಿತು ಅಂತ ಕಟ್ಟಿದವನಿಗೆ ಕಾಣಬೇಕು.

ನೂರಕ್ಕೆ ಮೂವತ್ತು

ಈಗ ನಮ್ಮ ತಾತ ಹೇಳಿದ ಪಾಲಿನ ವಿಷಯ. ಅದೇ 1939ರಲ್ಲಿ, ಮಾರಾಟ ತೆರಿಗೆಗೆ ಮುಂಚೆ, ಮೂರನೇ ಆಕ್ಟಾಗಿ ಮದ್ರಾಸ್ ಸಾರ್ವಜನಿಕ ಆರೋಗ್ಯ ಕಾನೂನು ಬಂತು. ರಾಜಾಜಿ ಮಂತ್ರಿಮಂಡಲದಲ್ಲಿ ಆರೋಗ್ಯ ಖಾತೆ ನೋಡುತ್ತಿದ್ದವರು ಡಾಕ್ಟರ್ ಟಿ.ಎಸ್.ಎಸ್. ರಾಜನ್, ತಿರುಚಿ ಕಡೆಯವರು. ವೈದ್ಯರೊಬ್ಬರು ಮಂತ್ರಿ, ಪುರಸಭೆಯ ಕುರ್ಚಿಯಲ್ಲಿ ಕೂತು ಬಂದವರೊಬ್ಬರು ಪ್ರಧಾನಿ. ಕಾನೂನು ಚೆನ್ನಾಗಿ ಮೂಡಿತು. ಕುಡಿಯುವ ನೀರು, ಚರಂಡಿ, ಸೊಳ್ಳೆ, ಅಂಟುರೋಗ, ಬಾಣಂತಿ ಮಗುವಿನ ಆರೈಕೆ, ಕಲಬೆರಕೆ, ಜಾತ್ರೆ ಉತ್ಸವಗಳ ನೈರ್ಮಲ್ಯ ಎಲ್ಲವನ್ನೂ ಒಂದೇ ಕಾನೂನಿನಲ್ಲಿ ತಂದದ್ದು ದೇಶದಲ್ಲೇ ಅದು ಮೊದಲು.

ಅದರೊಳಗೆ ಒಂದು ಕಲಮು ಇದೆ. ಸರ್ಕಾರದ ಗ್ರಾಂಟು ಬಿಟ್ಟು ಉಳಿದ ಬಾಬ್ತುಗಳಿಂದ ಬರುವ ತನ್ನ ಆದಾಯದಲ್ಲಿ ಪ್ರತಿ ಪುರಸಭೆಯೂ ನೂರಕ್ಕೆ 30ಕ್ಕೆ ಕಡಿಮೆಯಿಲ್ಲದ ಹಾಗೆ ಆರೋಗ್ಯಕ್ಕೆ ಎತ್ತಿಡಬೇಕು. ಹಳ್ಳಿಗಾಡನ್ನು ನೋಡಿಕೊಳ್ಳುವ ಡಿಸ್ಟ್ರಿಕ್ಟ್ ಬೋರ್ಡು ನೂರಕ್ಕೆ ಹನ್ನೆರಡೂವರೆ ಎತ್ತಿಡಬೇಕು. ಅಂದರೆ ವರ್ಷಕ್ಕೆ ಲಕ್ಷ ರೂಪಾಯಿ ಬರುವ ಪುರಸಭೆ 30,000 ರೂಪಾಯಿ ಆರೋಗ್ಯಕ್ಕೆ ಇಡಬೇಕು. ಅಧ್ಯಕ್ಷ ಬದಲಾದರೂ, ಪಕ್ಷ ಬದಲಾದರೂ, ಬೇರೆ ಕೆಲಸ ಎಷ್ಟೇ ಅರ್ಜೆಂಟು ಅಂದರೂ ಇಡಬೇಕು.

ಒಕ್ಕಲು ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಣದಲ್ಲಿ ರಾಶಿ ಆದ ಕೂಡಲೇ ಮೊದಲು ಬಿತ್ತನೆ ಬೀಜ ಎತ್ತಿಡ್ತೇವೆ. ಆಮೇಲೆ ಸಾಲದವನು, ಜಾತ್ರೆ, ಮದುವೆ. ಕೊನೆಗೆ ಮಿಕ್ಕಿದ್ದರಲ್ಲಿ ಬೀಜ ಇಡ್ತೇನೆ ಅನ್ನುವ ರೈತನ ಹೊಲ ಮುಂದಿನ ವರ್ಷ ಬೀಳು. 1939ರ ಕಾನೂನು ಮಾಡಿದ್ದು ಅಷ್ಟೇ. ಆರೋಗ್ಯವನ್ನು ಮಿಕ್ಕಿದ್ದರ ಲೆಕ್ಕದಿಂದ ತೆಗೆದು ಬೀಜದ ಲೆಕ್ಕಕ್ಕೆ ಹಾಕಿತು.

ಗಡಿಯ ಓದುಗರಿಗೆ ಇನ್ನೊಂದು ಮಾತು. ಈ ಕಾನೂನು ತಮಿಳರದು, ನಮಗೇನು ಅಂತ ಯಾರೂ ಅನ್ನಬಾರದು. 1939ರಲ್ಲಿ ಬಳ್ಳಾರಿ, ಮಂಗಳೂರು, ಉಡುಪಿ, ಕಾಸರಗೋಡು, ನಾನು ಓದಿದ ಕೊಳ್ಳೇಗಾಲ ಎಲ್ಲವೂ ಮದ್ರಾಸಿಗೆ ಸೇರಿದ್ದವು. ಬಳ್ಳಾರಿ 1953ರಲ್ಲಿ, ಮಿಕ್ಕವು 1956ರಲ್ಲಿ ಬೇರೆ ಬೇರೆ ಕಡೆ ಹೋದವು. ಕನ್ನಡದ ಎಷ್ಟೋ ಊರುಗಳಿಗೂ ಈ ಪಾಲಿನ ಕಾನೂನು ಬರೆದದ್ದು ಅದೇ ಕೈ.

1943ರಲ್ಲಿ ಇಂಗ್ಲಿಷರ ಸರ್ಕಾರ ದೇಶದ ಆರೋಗ್ಯ ನೋಡಲು ಭೋರ್ ಸಮಿತಿ ಮಾಡಿತು. 1946ರಲ್ಲಿ ಅದು ವರದಿ ಕೊಟ್ಟಿತು. ಮದ್ರಾಸಿನ ಈ ಪದ್ಧತಿಯನ್ನು ಆ ವರದಿ ಗಮನಿಸಿ ಬರೆದಿದೆ. ಸರ್ಕಾರಗಳು ತಮ್ಮ ಒಟ್ಟು ಖರ್ಚಿನಲ್ಲಿ ನೂರಕ್ಕೆ 15ರಷ್ಟಾದರೂ ಆರೋಗ್ಯಕ್ಕೆ ಇಡಬೇಕು ಅಂತಲೂ ಸಲಹೆ ಕೊಟ್ಟಿತು. ಆ ಸಲಹೆ ಕೊಟ್ಟು ಎಂಬತ್ತು ವರ್ಷದ ಹತ್ತಿರ ಬಂತು.

ಬರೆದ ಪಾಲು, ಬಂದ ಪಾಲು

ರಾಜಾಜಿ ಸರ್ಕಾರ ಎರಡೂಕಾಲು ವರ್ಷವಷ್ಟೇ ಇತ್ತು. ಯುದ್ಧ ಬಂದು, ಕಾಂಗ್ರೆಸ್ಸಿನವರೆಲ್ಲ 1939ರ ಅಕ್ಟೋಬರಿನಲ್ಲಿ ರಾಜೀನಾಮೆ ಕೊಟ್ಟರು. ಮುಂದೆ ನಡೆದದ್ದು ಕೇಳಿ. ಯುದ್ಧಕಾಲದ ಗವರ್ನರ್ ಆಡಳಿತ ಪಾನನಿರೋಧವನ್ನು ಸಡಿಲ ಮಾಡಿತು, ಹೆಂಡದ ದುಡ್ಡು ಮತ್ತೆ ಬರತೊಡಗಿತು. ಆದರೆ ಹೆಂಡದ ದುಡ್ಡಿಗೆ ಬದಲು ಅಂತ ಹಾಕಿದ ಮಾರಾಟ ತೆರಿಗೆ ಹೋಗಲಿಲ್ಲ, ಅದೂ ಉಳಿಯಿತು. 1948ರಲ್ಲಿ ಪ್ರಾಂತ್ಯಕ್ಕೆಲ್ಲ ಪಾನನಿರೋಧ ಬಂತು, 1971ರಲ್ಲಿ ಮತ್ತೆ ತೆಗೆದರು. ತೊಂಬತ್ತು ದಾಟಿದ್ದ ರಾಜಾಜಿ ಆಗ ತಾವೇ ಮುಖ್ಯಮಂತ್ರಿ ಕರುಣಾನಿಧಿಯವರ ಮನೆಗೆ ಹೋಗಿ ಬೇಡ ಅಂತ ಕೇಳಿಕೊಂಡರು. ಆಗಲಿಲ್ಲ. ಮಾರಾಟ ತೆರಿಗೆ ಬೆಳೆದು ಬೆಳೆದು 2017ರಲ್ಲಿ ಜಿಎಸ್‌ಟಿ ಒಳಗೆ ಸೇರಿತು. ಕುಡಿಯುವ ಸಾರಾಯಿ ಜಿಎಸ್‌ಟಿಗೆ ಹೊರಗಿದೆ, ಅದರ ತೆರಿಗೆ ರಾಜ್ಯಗಳಿಗೇ. ಹೀಗೆ ಎರಡು ತೊರೆಯ ನೀರೂ ಒಂದೇ ಕೆರೆಗೆ ಬಂತು. ಊರಾಸ್ಪತ್ರೆಯ ತೂಬಿಗೆ ಎಷ್ಟು ಬಿಟ್ಟರು ಅನ್ನುವುದು ನಾವು ಕೇಳಬೇಕಾದ ಪ್ರಶ್ನೆ.

ಪಾಲಿನ ಕಾನೂನಿನಲ್ಲೂ ಒಂದು ಕೊರತೆ ಇತ್ತು. ಅದನ್ನು ಮುಚ್ಚಿಡಬಾರದು. ಶ್ರೀಮಂತ ಊರಿನ ನೂರಕ್ಕೆ ಮೂವತ್ತು ದೊಡ್ಡದು, ಬಡ ಊರಿನ ನೂರಕ್ಕೆ ಮೂವತ್ತು ಚಿಕ್ಕದು. ಸೇಲಂ ಪಟ್ಟಣಕ್ಕೆ ಅಂಗಡಿ ಇದೆ, ಮಿಲ್ಲು ಇದೆ, ಮನೆ ಕಂದಾಯ ಇದೆ. ಪಾಲಮಲೆಯ ಹಳ್ಳಿಗೆ ಏನಿದೆ? ಅಲ್ಲಿ ರೋಗ ಕಡಿಮೆಯಿಲ್ಲ, ದಾರಿ ಕಷ್ಟ, ಒಬ್ಬ ರೋಗಿಯನ್ನು ಇಳಿಸುವ ಖರ್ಚು ಪಟ್ಟಣದ ಹತ್ತು ರೋಗಿಗಳಿಗೆ ಸಮ. ಪಾಲು ಮಾತ್ರ ಗೊತ್ತು ಮಾಡಿದರೆ ಸಾಲದು. ಬಡ ಊರಿಗೆ ಮೇಲಿನಿಂದ ತುಂಬಿಕೊಡುವ ಹಣವೂ ಗೊತ್ತಾಗಿರಬೇಕು, ಹೊತ್ತಿಗೆ ಬರಬೇಕು.

ಆಮೇಲೆ ಪಾಲು ಎತ್ತಿಡಬೇಕಾದ ಕೈಯೇ ಬದಲಾಯಿತು. 1960ರ ಸುಮಾರಿಗೆ ಡಿಸ್ಟ್ರಿಕ್ಟ್ ಬೋರ್ಡುಗಳು ಹೋಗಿ ಪಂಚಾಯಿತಿ ಯೂನಿಯನ್‌ಗಳು ಬಂದವು. ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರ ಎಲ್ಲ ರಾಜ್ಯ ಸರ್ಕಾರದ ಕೈಗೆ ಹೋದವು. ಇದರಿಂದ ಒಳ್ಳೆಯದೂ ಆಯಿತು. ತಮಿಳುನಾಡಿನಲ್ಲಿ ಸಾರ್ವಜನಿಕ ಆರೋಗ್ಯಕ್ಕೇ ಬೇರೆ ನಿರ್ದೇಶನಾಲಯ, ಅದಕ್ಕೇ ಬೇರೆ ಬಜೆಟ್ಟು, ಅದಕ್ಕೇ ತರಬೇತಾದ ಅಧಿಕಾರಿಗಳು ಇರುವುದನ್ನು ಬೇರೆ ರಾಜ್ಯದವರು ಬಂದು ನೋಡಿಕೊಂಡು ಹೋಗ್ತಾರೆ. ದೊಡ್ಡಾಸ್ಪತ್ರೆಯ ಯಂತ್ರದ ಖರ್ಚು ಬಂದು ಸೊಳ್ಳೆ ಔಷಧಿಯ ದುಡ್ಡನ್ನು ನುಂಗದ ಹಾಗೆ ಅದು ಕಾಯುತ್ತದೆ. 1994ರಲ್ಲಿ ಸರ್ಕಾರಿ ಆಸ್ಪತ್ರೆಗಳಿಗೆ ಔಷಧಿ ಕೊಂಡು ಹಂಚುವುದಕ್ಕೇ ಒಂದು ನಿಗಮ ಮಾಡಿದರು. 2008ರಲ್ಲಿ 108 ಆಂಬುಲೆನ್ಸ್ ಬಂತು. 2021ರಲ್ಲಿ ಮನೆ ಬಾಗಿಲಿಗೆ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ ತಂದುಕೊಡುವ ಯೋಜನೆಯನ್ನು ರಾಜಾಜಿ ಹುಟ್ಟಿದ ಕೃಷ್ಣಗಿರಿ ಜಿಲ್ಲೆಯಲ್ಲೇ ಶುರು ಮಾಡಿದರು. ಕೊರೋನಾ ಬಂದ 2020ರಲ್ಲಿ ಮಾಸ್ಕ್ ಹಾಕದವರಿಗೆ ದಂಡ ಹಾಕಲು ತಮಿಳುನಾಡು ಸರ್ಕಾರ ತೆಗೆದದ್ದು ಅದೇ 1939ರ ಕಾನೂನು. ದಂಡದ ಕಲಮು ಎಲ್ಲರಿಗೂ ನೆನಪಾಯಿತು. ಪಾಲಿನ ಕಲಮನ್ನು ಯಾರೂ ನೆನೆಸಲಿಲ್ಲ.

ದಿಲ್ಲಿಯಲ್ಲೂ ಈ ಮಾತು ಮತ್ತೆ ಎದ್ದಿದೆ. ಹದಿನೈದನೇ ಹಣಕಾಸು ಆಯೋಗ 2021ರಿಂದ 2026ರವರೆಗಿನ ಐದು ವರ್ಷಕ್ಕೆ ಪಂಚಾಯಿತಿ, ನಗರಸಭೆಗಳ ಮೂಲಕ ಆರೋಗ್ಯಕ್ಕೇ ಅಂತ 70,051 ಕೋಟಿ ರೂಪಾಯಿ ಗುರುತು ಮಾಡಿತು. 2017ರ ರಾಷ್ಟ್ರೀಯ ಆರೋಗ್ಯ ನೀತಿ, 2025ರ ಹೊತ್ತಿಗೆ ದೇಶದ ಒಟ್ಟು ಉತ್ಪನ್ನದಲ್ಲಿ ನೂರಕ್ಕೆ ಎರಡೂವರೆಯಷ್ಟು ಸರ್ಕಾರಗಳು ಆರೋಗ್ಯಕ್ಕೆ ಖರ್ಚು ಮಾಡಬೇಕು ಅಂತ ಗುರಿ ಇಟ್ಟಿತ್ತು. ಗುರಿ ಒಳ್ಳೆಯದು. ಆದರೆ ಐದು ವರ್ಷದ ಗ್ರಾಂಟು ಐದು ವರ್ಷದ ಮಳೆ ಇದ್ದ ಹಾಗೆ. ಕಟ್ಟಡ ಎಬ್ಬಿಸಬಹುದು, ಕೆಲಸಕ್ಕೆ ನರ್ಸಮ್ಮನನ್ನು ಕಾಂಟ್ರಾಕ್ಟಿಗೆ ತರಬಹುದು. ಆರನೇ ವರ್ಷ ಆಕೆಯ ಸಂಬಳ ಎಲ್ಲಿಂದ? ಕಾಂಟ್ರಾಕ್ಟು ಮುಗಿದ ದಿನ ಆಕೆ ಹೋದರೆ, ಯಾವ ಮನೆಯಲ್ಲಿ ಬಸುರಿ ಇದ್ದಾಳೆ, ಯಾವ ಮುದುಕನಿಗೆ ಕ್ಷಯದ ಮಾತ್ರೆ ಅರ್ಧಕ್ಕೆ ನಿಂತಿದೆ ಅನ್ನುವ ತಿಳಿವಳಿಕೆಯೂ ಆಕೆಯ ಜೊತೆ ಹೋಗುತ್ತದೆ. ಹೊಸಬರು ಬಂದು ಅದನ್ನು ಕಲಿಯಲು ಎರಡು ವರ್ಷ ಬೇಕು.

ಎಲ್ಲವನ್ನೂ ಹೊಗಳುವುದಿಲ್ಲ

ರಾಜಾಜಿ ದೇವರಲ್ಲ. 1938ರಲ್ಲಿ ಶಾಲೆಗಳಲ್ಲಿ ಹಿಂದಿ ಕಡ್ಡಾಯ ಮಾಡಲು ಹೋಗಿ ಜನರ ಸಿಟ್ಟು ಕಟ್ಟಿಕೊಂಡರು. 1952ರಲ್ಲಿ ಮತ್ತೆ ಮುಖ್ಯಮಂತ್ರಿಯಾದಾಗ, ಮಕ್ಕಳು ಅರ್ಧ ಹೊತ್ತು ಶಾಲೆ, ಮಿಕ್ಕ ಹೊತ್ತು ಅಪ್ಪನ ಕಸುಬು ಅನ್ನುವ ಪದ್ಧತಿ ತಂದರು. ಜಾತಿಯ ಕಸುಬಿಗೇ ಮಕ್ಕಳನ್ನು ಕಟ್ಟಿಹಾಕುವ ಉಪಾಯ ಅಂತ ಜನ ತಿರುಗಿಬಿದ್ದರು. 1954ರಲ್ಲಿ ಕುರ್ಚಿ ಬಿಟ್ಟರು. ನನ್ನಂಥ ಒಕ್ಕಲು ಮಗನಿಗೆ ಆ ಪದ್ಧತಿ ಒಪ್ಪಿಗೆಯಾಗುವುದಿಲ್ಲ. ಅದು ಉಳಿದಿದ್ದರೆ ನಾನು ಈ ನಾಲ್ಕು ಅಕ್ಷರ ಬರೆಯುತ್ತಿದ್ದೆನೋ ಇಲ್ಲವೋ.

ಆದರೆ ರೈತರ ಸಾಲಕ್ಕೆ 1938ರಲ್ಲಿ ಪರಿಹಾರದ ಕಾನೂನು ತಂದವರೂ ಅವರೇ, 1939ರಲ್ಲಿ ದಲಿತರ ದೇವಸ್ಥಾನ ಪ್ರವೇಶಕ್ಕೆ ಕಾನೂನಿನ ಬಲ ಕೊಟ್ಟವರೂ ಅವರೇ. 1948ರಿಂದ 1950ರವರೆಗೆ ದೇಶದ ಗವರ್ನರ್ ಜನರಲ್ ಆದರು. ಆ ಕುರ್ಚಿಗೆ ಕೂತ ಒಬ್ಬನೇ ಭಾರತೀಯ. 1954ರಲ್ಲಿ ಭಾರತರತ್ನ ಬಂತು. 1959ರಲ್ಲಿ ಸ್ವತಂತ್ರ ಪಕ್ಷ ಕಟ್ಟಿ ಹಳೆಯ ಗೆಳೆಯರನ್ನೇ ಎದುರು ಹಾಕಿಕೊಂಡರು. 1972ರ ಡಿಸೆಂಬರ್ 25ರಂದು ಮದ್ರಾಸಿನಲ್ಲಿ ತೀರಿಕೊಂಡರು. ತೊರಪಳ್ಳಿಯಲ್ಲಿ ಅವರು ಹುಟ್ಟಿದ ಮನೆಯನ್ನು ಸ್ಮಾರಕ ಮಾಡಿದ್ದಾರೆ. ಹೊಸೂರಿಗೆ ಹೋದವರು ನೋಡಿ ಬರಬಹುದು. ದೊಡ್ಡ ಅರಮನೆ ಏನಲ್ಲ, ನಮ್ಮ ಕಡೆಯ ಹಳೇ ಹೆಂಚಿನ ಮನೆಗಳಂಥದೇ ಒಂದು ಮನೆ.

ಅಷ್ಟು ದೊಡ್ಡ ಕುರ್ಚಿಗಳಲ್ಲಿ ಕೂತವರ ಬದುಕಿನಲ್ಲಿ ಪುರಸಭೆಯ ಎರಡು ವರ್ಷ ಯಾರ ಕಣ್ಣಿಗೂ ಬೀಳುವುದಿಲ್ಲ. ನನ್ನ ಕಣ್ಣಿಗೆ ಅದೇ ಬೀಳುತ್ತದೆ. ಊರಿನ ಪೆಟ್ಟಿಗೆಯ ಕೀಲಿ ಕೈಯಲ್ಲಿ ಹಿಡಿದು, ಒಳಗೆ ಏನೂ ಇಲ್ಲದ್ದನ್ನು ಕಂಡವನಿಗೇ ಪಾಲು ಎತ್ತಿಡುವ ಕಾನೂನಿನ ಬೆಲೆ ಗೊತ್ತಿರುತ್ತದೆ.

ಬೆಟ್ಟದ ಬುಡದಿಂದ ಒಂದು ಮಾತು

ಹೋದ ವರ್ಷ ನಾನು ನಮ್ಮ ಗ್ರಾಮಸಭೆಯಲ್ಲಿ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿದೆ. ನಮ್ಮ ಪಂಚಾಯಿತಿಗೆ ಬಂದ ದುಡ್ಡಿನಲ್ಲಿ ಆರೋಗ್ಯಕ್ಕೆ ಅಂತ ಗುರುತು ಮಾಡಿದ್ದು ಎಷ್ಟು, ಅದು ಯಾವ ತಿಂಗಳು ಬಂತು ಅಂತ. ಲೆಕ್ಕ ಓದುವವರು ಹಾಳೆ ತಿರುವಿ ತಿರುವಿ, ಮುಂದಿನ ಸಭೆಗೆ ಹೇಳ್ತೇವೆ ಅಂದರು. ರಸ್ತೆ ಎಷ್ಟು, ಬೀದಿ ದೀಪ ಎಷ್ಟು ಅಂತ ಎಲ್ಲರಿಗೂ ಬಾಯಲ್ಲಿತ್ತು. ಕೂತಿದ್ದವರಲ್ಲಿ ಕೆಲವರು ನಕ್ಕರು. ನನ್ನ ಚಿಕ್ಕಪ್ಪನ ಮಗ ಹಿಂದೆ ಕೂತಿದ್ದ. ಅವನು ನಗಲಿಲ್ಲ.

ಗಡಿಯ ಈಚೆ ಇರಲಿ, ಆಚೆ ಇರಲಿ, ಓದುವ ರೈತ ಬಂಧುಗಳಿಗೂ ಮಂಡಿ ಯಜಮಾನರಿಗೂ ನನ್ನ ಕೋರಿಕೆ ಇಷ್ಟೇ. ನಿಮ್ಮ ಗ್ರಾಮಸಭೆಯಲ್ಲಿ, ನಿಮ್ಮ ಪುರಸಭೆಯಲ್ಲಿ ಇದೇ ಪ್ರಶ್ನೆ ಕೇಳಿ. ಆರೋಗ್ಯಕ್ಕೆ ಎತ್ತಿಟ್ಟ ಪಾಲು ಎಷ್ಟು? ಮಾರ್ಚ್ ತಿಂಗಳಲ್ಲಿ ಹಾವಿನ ಇಂಜೆಕ್ಷನ್ ಎಷ್ಟು ಉಳಿದಿದೆ? ನರ್ಸಮ್ಮನ ಕೆಲಸ ಖಾಯಂ ಆಗಿದೆಯೇ, ಇಲ್ಲ ಆರು ತಿಂಗಳಿಗೊಮ್ಮೆ ಹೊಸದೇ? ನಾವು ಅಂಗಡಿಯಲ್ಲಿ ಬೆಂಕಿಪೊಟ್ಟಣ ಕೊಂಡರೂ ತೆರಿಗೆ ಕಟ್ಟುತ್ತಿದ್ದೇವೆ, ಕೇಳುವ ಹಕ್ಕು ನಮಗಿದೆ.

ಮುಂದಿನ ಗ್ರಾಮಸಭೆಗೆ ನಾನು ಮತ್ತೆ ಹೋಗ್ತೇನೆ. ಈ ಸಲ ಚಿಕ್ಕಪ್ಪನ ಮಗನೂ ನನ್ನ ಪಕ್ಕದಲ್ಲೇ ನಿಲ್ಲುತ್ತೇನೆ ಅಂದಿದ್ದಾನೆ.